ಟಗರಿಗೆ ಗಾಡಿ, ಕಾಟಮ್ಮನಿಗೆ ಬರೆ

ಉಣ್ಣೆ ಕತ್ತರಿಸುವ ಮೊದಲು ಕುರಿಯ ಮೈ ತೊಳೆಯಬೇಕು. ಮಣ್ಣು, ಮುಳ್ಳು, ಹಿಕ್ಕೆ ಮೆತ್ತಿಕೊಂಡ ಉಣ್ಣೆ ಕತ್ತರಿಗೆ ಬಗ್ಗುವುದಿಲ್ಲ. ಹೊರಕೆರೆದೇವಪುರದಿಂದ ಎರಡು ಮೈಲಿ ಆಚೆಗಿನ ಹಟ್ಟಿಯಲ್ಲಿ ಸಂಕ್ರಾಂತಿ ಕಳೆದ ಮೂರನೆಯ ದಿನ ಎಲ್ಲರ ಕುರಿಗಳೂ ಕೆರೆಗೆ ಇಳಿಯುತ್ತವೆ. ಗಂಡಸರು ದಡದಲ್ಲಿ ನಿಂತು ಕುರಿಯನ್ನು ನೀರಿಗೆ ನೂಕುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅದನ್ನು ಹಿಡಿಯುವವರು, ಉಜ್ಜುವವರು, ಒದೆ ತಿನ್ನುವವರು ಹೆಂಗಸರು. ಸಂಜೆ ಕಟ್ಟೆಯ ಮೇಲೆ ಕುಳಿತು "ಇವತ್ತು ಮುನ್ನೂರು ಕುರಿ ತೊಳೆದ್ವಿ" ಎಂದು ಹೇಳುವವರು ಮಾತ್ರ ಗಂಡಸರು.

ಎಪ್ಪತ್ತೇಳನೆಯ ಇಸವಿಯ ಆ ದಿನ ಬೀರಪ್ಪನ ಬೀಜದ ಟಗರನ್ನು ಹಿಡಿದು ನಿಂತವಳು ಅವನ ಹೆಂಡತಿ ಕಾಟಮ್ಮ. ನಲವತ್ತಾರು ವರ್ಷದ ಗಟ್ಟಿ ಹೆಂಗಸು. ಟಗರು ಅಂದರೆ ಸುಮ್ಮನೆ ಟಗರಲ್ಲ. ಸುತ್ತಲಿನ ಐದಾರು ಹಟ್ಟಿಯವರು ಅದನ್ನು ಕೇಳಿಕೊಂಡು ಬರುತ್ತಿದ್ದರು. ಅದರ ಗತ್ತು ನೋಡಿ ಎಲ್ಲರೂ ಅದನ್ನು ಗೌಡ ಎಂದೇ ಕರೆಯುತ್ತಿದ್ದರು. ನೀರಿನೊಳಗಿನ ಕಲ್ಲುಸಂದಿನಲ್ಲಿ ಗೌಡನ ಹಿಂಗಾಲು ಸಿಕ್ಕಿತು. ಗಾಬರಿಯಾದ ಟಗರು ಒಂದೇ ಏಟಿಗೆ ಮೇಲಕ್ಕೆ ಹಾರಿತು. ಕೊಂಬು ಹಿಡಿದಿದ್ದ ಕಾಟಮ್ಮನ ಬಲಗೈ ಅದರ ಜೊತೆಗೇ ಮೇಲಕ್ಕೆ, ಹಿಂದಕ್ಕೆ ಎಳೆದುಕೊಂಡು ಹೋಯಿತು. ಹಳೆಯ ಕಂಬಳಿ ಹರಿದಾಗ ಬರುವಂಥ ಒಂದು ಸದ್ದು. ಅದು ಅವಳ ಭುಜದ ಒಳಗಿನಿಂದ ಬಂತು. ಅವಳೊಬ್ಬಳಿಗೇ ಕೇಳಿತು.

"ಅಯ್ಯಯ್ಯೋ, ಗೌಡನ ಕಾಲು ಮುರೀತು!" ಎಂದು ದಡದಲ್ಲಿ ಕೂಗೆದ್ದಿತು.

ವೀಳ್ಯದೆಲೆ ಅಗಿದು ಉಗುಳುವಷ್ಟರಲ್ಲಿ ಗಾಡಿ ಕಟ್ಟಿದರು. ಹುಲ್ಲು ಹಾಸಿದರು, ಹುಲ್ಲಿನ ಮೇಲೆ ಹೊಸ ಕಂಬಳಿ ಹಾಸಿದರು. ಹೊಳಲ್ಕೆರೆಯ ದನದ ಆಸ್ಪತ್ರೆಗೆ ಹೊರಟರು. ಕಾಟಮ್ಮ ತಲೆ ಹಿಡಿದರೆ ಮಾತ್ರ ಟಗರು ಸುಮ್ಮನಿರುತ್ತಿತ್ತು. ಹಾಗಾಗಿ ಅವಳನ್ನೂ ಗಾಡಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಟಗರಿನ ತಲೆ ಅವಳ ಮಡಿಲಲ್ಲಿ, ಅವಳ ಬಲಗೈ ಒದ್ದೆ ಸೆರಗಿನ ಒಳಗೆ.

ಆಸ್ಪತ್ರೆಯಲ್ಲಿ ಟಗರಿನ ಕಾಲಿಗೆ ದಬ್ಬೆ ಇಟ್ಟು ಪಟ್ಟಿ ಸುತ್ತಿದರು. ಅಲ್ಲಿದ್ದ ಜವಾನ ಕಾಟಮ್ಮನ ಮುಖ ನೋಡಿ ಕೇಳಿದ.

"ಯಾಕವ್ವ, ಮುಖ ಹಿಂಗೆ ಕಿವಿಚ್ಕಂಡಿದೀಯ?"

ಅವಳು ಬಾಯಿ ತೆರೆಯುವ ಮೊದಲೇ ಬೀರಪ್ಪ ಉತ್ತರ ಕೊಟ್ಟ. "ಅವ್ಳಿಗೇನಿಲ್ಲಪ್ಪ. ಟಗರಿನ ಸಂಕಟ ನೋಡಾಕೆ ಆಗ್ತಿಲ್ಲ, ಅಷ್ಟೇ."

ಡಾಕ್ಟರು ಟಗರಿಗೆ ನಲವತ್ತು ದಿನ ವಿಶ್ರಾಂತಿ ಬರೆದುಕೊಟ್ಟರು. ನಲವತ್ತು ದಿನವೂ ಅದಕ್ಕೆ ನೆರಳಿನಲ್ಲಿ ಗೂಟ, ಬಾಯಿಗೆ ಹಸಿ ಮೇವು, ಕುಡಿಯಲು ನೆನೆಸಿದ ಹಿಂಡಿ. ಕಾಟಮ್ಮ ಮಾರನೆಯ ದಿನ ಬೆಳಿಗ್ಗೆ ಎದ್ದು ಬಾವಿಗೆ ಹೋದಳು.

ಹಗ್ಗ ಹಿಡಿದಳು, ಎಳೆಯಲು ಆಗಲಿಲ್ಲ. ಕೈ ಹೆಗಲ ಮಟ್ಟಕ್ಕೂ ಏಳಲಿಲ್ಲ. ಎಡಗೈಯಿಂದ ಹೇಗೋ ಸೇದಿದಳು. ಕೊಡವನ್ನು ತಲೆಗೆ ಏರಿಸುವುದಂತೂ ಆಗದ ಮಾತು. ಮನೆಗೆ ಬಂದು ತಲೆ ಬಾಚಿಕೊಳ್ಳಲು ಹೋದರೆ ಬಾಚಣಿಗೆ ಕಿವಿಯ ಹತ್ತಿರವೇ ನಿಂತಿತು. ಆ ಕೈಯ ಕಡೆ ಮಗ್ಗುಲಾಗಿ ಮಲಗುವಂತಿರಲಿಲ್ಲ. ಮಲಗಿದರೆ ಭುಜದಿಂದ ಮೊಣಕೈವರೆಗೆ ಕಾದ ಸೂಜಿ ಆಡಿಸಿದ ಹಾಗೆ.

ವಾರ ಕಳೆದ ಮೇಲೆ ದೊಡ್ಡತಿಮ್ಮಪ್ಪನನ್ನು ಕರೆಸಿದರು. ದೊಡ್ಡತಿಮ್ಮಪ್ಪ ಹಟ್ಟಿಯ ಬರೆ ಹಾಕುವವನು. ಕುಂಟುವ ಕುರಿಗೆ ಮುಂಗಾಲಿನ ಮೇಲೆ ಕಾದ ಕುಡುಗೋಲಿನಿಂದ ಮೂರು ಗೆರೆ ಎಳೆಯುವುದು ಅವನ ವಿದ್ಯೆ. ಅವನ ಅಪ್ಪನೂ ಹಾಗೆಯೇ ಎಳೆಯುತ್ತಿದ್ದ.

"ಕೀಲಿನಾಗೆ ವಾಯು ಕುಂತೈತೆ. ಮೂರು ಎಳೆದ್ರೆ ಓಡಿಹೋಗ್ತೈತೆ," ಅಂದ.

ಕುರಿಯನ್ನು ಕೆಡವುವ ಹಾಗೆಯೇ ಕಾಟಮ್ಮನನ್ನು ಕೆಡವಿದರು. ಅತ್ತೆ ಓಬವ್ವ ಕಾಲು ಹಿಡಿದಳು, ಬೀರಪ್ಪ ತಲೆ ಹಿಡಿದ. ಒಂದು, ಎರಡು, ಮೂರು. ಮಾಂಸ ಸುಟ್ಟ ವಾಸನೆ ಪಕ್ಕದ ಮನೆಗೂ ಹೋಯಿತು. ಟಗರಿಗೆ ಡಾಕ್ಟರ ಪಟ್ಟಿ, ಹೆಂಗಸಿಗೆ ಕಾದ ಕುಡುಗೋಲು. ಆ ದಿನ ಹಟ್ಟಿಯಲ್ಲಿ ಒಬ್ಬರಿಗೂ ಇದು ವಿಪರೀತ ಅನ್ನಿಸಲಿಲ್ಲ.

ಸುಟ್ಟ ಗಾಯ ಮಾಯಲು ಒಂದೂವರೆ ತಿಂಗಳು ಬೇಕಾಯಿತು. ಅಷ್ಟರಲ್ಲಿ ಗೌಡ ನಾಲ್ಕೂ ಕಾಲಿನಲ್ಲಿ ಎದ್ದು ಓಡಾಡುತ್ತಿದ್ದ. ಕಾಟಮ್ಮನ ಕೈ ಮಾತ್ರ ಅಲ್ಲೇ ಇತ್ತು.

ಬರೆಯೂ ಸಹಿಸಿಕೊಳ್ಳಬಹುದಾಗಿತ್ತೇನೋ. ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಒಂದು ದಿನ ಓಬವ್ವ ಸೊಸೆಯ ತಲೆ ಬಾಚುತ್ತಾ ಬೇಸರಕ್ಕೆ ಅವಳ ಬಲಗೈ ಹಿಡಿದು ಮೇಲಕ್ಕೆತ್ತಿದಳು. ಕೈ ಸಲೀಸಾಗಿ ಮೇಲೆ ಹೋಯಿತು, ಕಿವಿಯನ್ನು ದಾಟಿ ನೆಟ್ಟಗೆ ನಿಂತಿತು. ಓಬವ್ವ ಬಿಟ್ಟಳು. ಕೈ ದೊಪ್ಪನೆ ಕೆಳಗೆ ಬಿತ್ತು.

"ಎಲಾ ಇವಳಾ!" ಅಂದಳು ಓಬವ್ವ. "ನಾನು ಎತ್ತಿದ್ರೆ ಆಕಾಶಕ್ಕೆ ಏಳ್ತೈತೆ. ನೀನು ಎತ್ತು ಅಂದ್ರೆ ಏಳಲ್ವಾ? ಕೀಲು ಹಿಡಿದಿದ್ರೆ ನಂಗೂ ಏಳಬಾರ್ದಿತ್ತಲ್ಲ! ಬಾವಿ ನೀರು ತರಾಕೆ ಮೈ ಬಗ್ಗಲ್ಲ, ಅದ್ಕೆ ಈ ಆಟ."

ಅಂದಿನಿಂದ ಅದೊಂದು ತಮಾಷೆಯಾಯಿತು. ಮನೆಗೆ ಯಾರೇ ಬಂದರೂ ಓಬವ್ವ ಸೊಸೆಯ ಕೈ ಎತ್ತಿ ತೋರಿಸುವಳು, ಬಿಡುವಳು. ಕೈ ಬೀಳುವುದು, ನೋಡಿದವರು ನಗುವರು. ನಾಲ್ಕನೆಯ ಸಲ, ಐದನೆಯ ಸಲ ಆದಮೇಲೆ ಕಾಟಮ್ಮನಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ತಾನು ನಿಜವಾಗಿಯೂ ಮೈಗಳ್ಳಿಯಾಗಿಬಿಟ್ಟೆನೇ? ಯಾರೂ ಇಲ್ಲದಾಗ ಗೋಡೆಯ ಹತ್ತಿರ ನಿಂತು, ಹಲ್ಲು ಕಚ್ಚಿ, ಬೆವರು ಸುರಿಯುವಂತೆ ಕೈ ಎತ್ತಲು ನೋಡುವಳು. ಭುಜ ಕಿವಿಯ ಕಡೆ ಸೆಟೆದುಕೊಳ್ಳುವುದು. ಕೈ ಏಳದು.

ಜೂನ್ ತಿಂಗಳು. ಹೊರಕೆರೆದೇವಪುರದ ಕಡೆಯಿಂದ ನರ್ಸು ಚಂದ್ರಕ್ಕ ಮಕ್ಕಳಿಗೆ ಸೂಜಿ ಹಾಕಲು ಬಂದಳು. ಯಾವಾಗಲೂ ಗುಡಿಯ ಕಟ್ಟೆಯ ಮೇಲೆ ಕೂರುವವಳು, ಅಂದು ಮಳೆ ಹಿಡಿದಿದ್ದರಿಂದ ಬೀರಪ್ಪನ ಜಗಲಿಗೆ ಬಂದು ಕುಳಿತಳು. ಈ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಮೂಳೆ ವಾರ್ಡಿನಲ್ಲಿ ದುಡಿದವಳು ಅವಳು. ಮಾತು ಚುರುಕು, ಕಣ್ಣು ಅದಕ್ಕಿಂತ ಚುರುಕು.

ಕಾಟಮ್ಮ ನೀರು ತಂದಳು. ಎಡಗೈಯಲ್ಲಿ.

"ಲೇ ಕಾಟಿ, ಬಂದವರಿಗೆ ಎಡಗೈಯಾಗೆ ನೀರು ಕೊಡ್ತಾರೇನೇ?" ಎಂದು ಓಬವ್ವ ಗದರಿದಳು. ಆಮೇಲೆ ಚಂದ್ರಕ್ಕನ ಕಡೆ ತಿರುಗಿದಳು. "ನೋಡವ್ವ ನರ್ಸಮ್ಮ, ನಮ್ಮ ಸೊಸೆ ನಾಟಕ. ನಿಂಗೂ ತೋರಿಸ್ತೀನಿ ಬಾ."

ಕೈ ಎತ್ತಿದಳು, ಬಿಟ್ಟಳು. ಕೈ ಬಿತ್ತು. ಮಗು ಎತ್ತಿಕೊಂಡು ಬಂದಿದ್ದ ಹೆಂಗಸರು ನಕ್ಕರು.

ಚಂದ್ರಕ್ಕ ನಗಲಿಲ್ಲ. ಲೋಟ ಕೆಳಗಿಟ್ಟಳು.

"ಅಜ್ಜಿ, ಇನ್ನೊಂದು ಸಲ ಮಾಡ್ರಿ. ಈ ಸಲ ಮೆಲ್ಲಗೆ."

ಓಬವ್ವ ಮೆಲ್ಲಗೆ ಎತ್ತಿದಳು. ಚಂದ್ರಕ್ಕ ತಾನೇ ಕೈ ಹಿಡಿದುಕೊಂಡು, "ಕಾಟಮ್ಮ, ಈಗ ಬಿಡ್ತೀನಿ. ಇಲ್ಲೇ ನಿಲ್ಸು," ಅಂದಳು. ಬಿಟ್ಟಳು. ಕಾಟಮ್ಮನ ತುಟಿ ಬಿಳಿಚಿತು, ಕೈ ಬಿತ್ತು. ಚಂದ್ರಕ್ಕ ಕುಪ್ಪಸದ ಮೇಲಿನಿಂದಲೇ ಭುಜದ ಹಿಂಭಾಗವನ್ನು ಮುಟ್ಟಿ ನೋಡಿದಳು. ಎಡಗಡೆ ತುಂಬಿಕೊಂಡಿದ್ದ ಜಾಗ ಬಲಗಡೆ ಗುಳಿ ಬಿದ್ದಿತ್ತು. ಆ ಗುಳಿಯ ಪಕ್ಕದಲ್ಲೇ ಬರೆಯ ಮೂರು ಗೆರೆ ಕೈಗೆ ಸಿಕ್ಕಿತು.

"ಇದು ಎಷ್ಟು ದಿನದ್ದು?"

"ಸಂಕ್ರಾಂತಿಯಿಂದ," ಅಂದಳು ಕಾಟಮ್ಮ. "ಟಗರು ಎಳೆದಾಗಿಂದ."

"ಐದು ತಿಂಗಳು!" ಚಂದ್ರಕ್ಕನ ದನಿ ಏರಿತು. "ಐದು ತಿಂಗಳು ಇದನ್ನ ಬಂದವರಿಗೆಲ್ಲ ತೋರ್ಸಿ ನಕ್ಕಿದೀರಾ? ಅಜ್ಜಿ, ನೀವು ತೋರಿಸ್ತಿರೋದು ನಾಟಕ ಅಲ್ಲ, ರೋಗ. ಇದೇ ರೋಗದ ಗುರುತು. ಡಾಕ್ಟ್ರು ಪರೀಕ್ಷೆ ಮಾಡೋದೂ ಹಿಂಗೇ. ಬೇರೆಯವರು ಎತ್ತಿದ್ರೆ ಏಳ್ತೈತೆ, ತಾನೇ ಎತ್ತಿದ್ರೆ ಏಳಲ್ಲ ಅಂದ್ರೆ, ಕೀಲು ಸರಿಯಾಗೈತೆ, ಎತ್ತೋ ಪಟ್ಟಿ ಹರಿದೈತೆ ಅಂತ."

"ಅದೆಂಥ ಪಟ್ಟಿ?" ಎನ್ನುತ್ತಾ ಬೀರಪ್ಪ ಕೊಟ್ಟಿಗೆಯಿಂದ ಬಂದ.

"ಬೀರಣ್ಣ, ನೀವು ಕುರಿ ಕುಯ್ದು ಪಾಲು ಹಾಕೋರು. ಮುಂಗಾಲು ಬಿಡಿಸುವಾಗ ಭುಜದ ಮೇಲೆ ಬೆಳ್ಳಗೆ, ಗಟ್ಟಿಯಾಗಿ ಒಂದು ನಾರು ಅಡ್ಡ ಬರಲ್ವಾ?"

"ಬರ್ತೈತೆ. ಮಾಂಸದ ಬಾಲದ ಹಂಗೆ ಇರ್ತೈತೆ. ಚಾಕು ಜಾರ್ತೈತೆ ಅದ್ರ ಮೇಲೆ."

"ಅದನ್ನ ಕೊಯ್ದುಬಿಟ್ರೆ?"

ಬೀರಪ್ಪ ಗಾಳಿಯಲ್ಲೇ ಕೈಯಾಡಿಸಿದ. ಇಪ್ಪತ್ತೈದು ವರ್ಷ ಕುರಿ ಬಿಡಿಸಿದ ಕೈ ಅದು. "ಕಾಲು ಜೋತು ಬೀಳ್ತೈತೆ. ಹಿಡಿದು ಎತ್ತ ತಿರುಗ್ಸಿದ್ರೂ ತಿರುಗ್ತೈತೆ, ಆದ್ರೆ…" ಮಾತು ಅಲ್ಲೇ ನಿಂತಿತು. ಅವನು ಹೆಂಡತಿಯ ಜೋತುಬಿದ್ದ ಕೈಯನ್ನು ನೋಡಿದ. ಐದು ತಿಂಗಳಲ್ಲಿ ಮೊದಲ ಸಲ ನಿಜವಾಗಿ ನೋಡಿದ.

"ಮನುಷ್ಯರಿಗೂ ಅದೇ," ಅಂದಳು ಚಂದ್ರಕ್ಕ. "ಭುಜದ ಗುಂಡಿನ ಸುತ್ತ ಅಂಥ ನಾಲ್ಕು ಪಟ್ಟಿ ಅವೆ. ಮಾಂಸಖಂಡದ ತುದಿಗಳು ನಾರಾಗಿ ಮೂಳೆಗೆ ಅಂಟ್ಕಂಡಿರ್ತಾವೆ. ನಾಲ್ಕೂ ಸೇರಿ ಕೈ ಎತ್ತಾವೆ, ತಿರುಗ್ಸಾವೆ. ನಿಮ್ಮ ಟಗರು ಎಳೆದ ಏಟಿಗೆ ಇವಳದ್ದು ಮೂಳೆಯಿಂದ ಕಿತ್ತು ಬಂದೈತೆ. ಬರೆ ಹಾಕಿದ್ರೆ ಅದು ಕೂಡ್ಕಳ್ತೈತಾ? ಕಂಬಳಿ ಹರಿದ್ರೆ ನೀವು ಹೊಲಿತೀರೋ, ಬೆಂಕಿ ಇಡ್ತೀರೋ?"



"ಹಂಗಾರೆ ಹೊಲೀಬೈದಾ?" ಎಂದು ಕಾಟಮ್ಮ ಕೇಳಿದಳು. ದನಿ ಸಣ್ಣಗಿತ್ತು.

"ಹೊಲಿತಾರೆ. ದುರ್ಗಕ್ಕೆ ವಾರಕ್ಕೊಂದು ದಿನ ದೊಡ್ಡ ಮೂಳೆ ಡಾಕ್ಟ್ರು ಬರ್ತಾರೆ, ನಾಳೇನೇ ಆ ದಿನ. ಆದ್ರೆ ತಡ ಮಾಡಿದಷ್ಟೂ ಕಷ್ಟ. ಹರಿದ ತುದಿ ಹಿಂದಕ್ಕೆ ಸರೀತಾ ಹೋಗ್ತೈತೆ, ಮಾಂಸ ಒಣಗ್ತೈತೆ. ಬಿಸಿನೀರಿಗೆ ಬಿದ್ದ ಉಣ್ಣೆ ಕುಗ್ಗಿದಂಗೆ. ಆಮೇಲೆ ಎಳೆದ್ರೂ ಮುಟ್ಟಲ್ಲ, ಹೊಲಿದ್ರೂ ನೂಲು ನಿಲ್ಲಲ್ಲ. ಆಪರೇಷನ್ನಿಗೆ ಈಗ್ಲೇ ಹೋಗ್ಬೇಕು."

"ಆಪರೇಷನ್ನಾ?" ಓಬವ್ವ ಸೆರಗನ್ನು ಬಾಯಿಗೆ ಒತ್ತಿದಳು. ತುರ್ತುಪರಿಸ್ಥಿತಿಯಲ್ಲಿ ಆ ಮಾತು ಕೇಳಿದರೆ, ಮಕ್ಕಳಾಗದಂತೆ ಬಲವಂತವಾಗಿ ಕೊಯ್ಯುತ್ತಾರೆಂದು ಹಟ್ಟಿಯವರು ಜೋಳದ ಹೊಲಕ್ಕೆ ಓಡಿ ಅವಿತುಕೊಳ್ಳುತ್ತಿದ್ದ ದಿನಗಳು ಕಳೆದು ಇನ್ನೂ ಆರು ತಿಂಗಳಾಗಿರಲಿಲ್ಲ. "ಕೈ ಅಂತ ಹೇಳಿ ಕರ್ಕಂಡು ಹೋಗಿ, ಇನ್ನೊಂದನ್ನ ಮಾಡಿ ಕಳಿಸ್ತೀರೇನೇ ನೀವು!"

"ಅಜ್ಜಿ, ಇವಳ ಮಗಳೇ ಮಗು ಎತ್ಕಂಡು ಇಲ್ಲಿ ಕುಂತವ್ಳೆ. ಇವಳಿಗೆ ಇನ್ನೇನು ನಿಲ್ಸಾಕೆ ಉಳಿದೈತೆ?" ಹೆಂಗಸರು ಕಿಸಕ್ಕನೆ ನಕ್ಕರು. ಚಂದ್ರಕ್ಕ ನಗು ತಡೆದು ಮುಂದುವರಿಸಿದಳು. "ನೀವು ಹೆದರೋದು ತಪ್ಪು ಅನ್ನಲ್ಲ. ಆದ್ರೆ ಆ ಹೆದರಿಕೆಗೆ ಇವಳ ಕೈ ಬಲಿ ಕೊಡಬ್ಯಾಡ್ರಿ. ಕಾಗದಕ್ಕೆ ಹೆಬ್ಬೆಟ್ಟು ಒತ್ತೋಕೆ ಮುಂಚೆ ಡಾಕ್ಟ್ರನ್ನ ಕೇಳ್ರಿ. ಏನು ಕೊಯ್ತೀರಿ, ಎಲ್ಲಿ ಕೊಯ್ತೀರಿ, ಎಷ್ಟು ವಾಸಿ ಆಗ್ತೈತೆ, ಮಾಡ್ಸದಿದ್ರೆ ಏನಾಗ್ತೈತೆ. ಉತ್ತರ ಸಿಗೋವರೆಗೂ ಕೇಳ್ರಿ. ಕೇಳಿದ್ರೆ ಯಾರೂ ಹೊಡಿಯಲ್ಲ."

ಬೀರಪ್ಪ ತಲೆ ಕೆರೆದುಕೊಂಡ. "ಅಲ್ಲ ಚಂದ್ರಕ್ಕ, ಹಿರಿಯೂರು ಕಡೆ ನಮ್ಮ ನೆಂಟ ಒಬ್ಬ ಲಾರಿಗೆ ಸಿಕ್ಕಿದ್ದ. ಆಸ್ಪತ್ರೆಗೆ ಹಾಕಿದ್ರೆ ಕೈನೇ ತೆಗೆದು ಕಳಿಸಿದ್ರು."

"ಎಷ್ಟು ದಿನ ಬಿಟ್ಟು ಹಾಕಿದ್ರಿ?"

"ಹದಿನೈದು ದಿನ ಸೊಪ್ಪು ಕಟ್ಟಿದ್ವಿ…"

"ಹಂಗಾರೆ ಕೈ ತೆಗೆದೋರು ಡಾಕ್ಟ್ರಲ್ಲ ಬೀರಣ್ಣ. ಆ ಹದಿನೈದು ದಿನ."

"ಆದ್ರೂ," ಎಂದು ಬೀರಪ್ಪ ಎಳೆದ. "ಈಗ ಬಿತ್ತನೆ ಹೊತ್ತು. ಕುರಿ ನೋಡ್ಕಳ್ಳೋರು ಯಾರೂ ಇಲ್ಲ. ಶ್ರಾವಣ ಕಳೀಲಿ, ಆಮೇಲೆ ನೋಡಾಣ."

ಕಾಟಮ್ಮ ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದಳು. ಗಂಡ ಎಂದರೆ ಅವಳಿಗೆ ಸೋದರತ್ತೆಯ ಮಗ. ಚಿಕ್ಕಂದಿನಿಂದ ಬಾವ ಎಂದೇ ಕರೆದವಳು, ಎದುರಾಡಿದವಳಲ್ಲ. ಈಗ ಕಂಬ ಬಿಟ್ಟು ಮುಂದೆ ಬಂದಳು.

"ಬಾವ, ಗೌಡನ ಕಾಲು ಮುರಿದ ದಿನ ಶ್ರಾವಣ ನೋಡಿದ್ಯಾ? ಒದ್ದೆ ಪಂಚೆಯಾಗೇ ಗಾಡಿ ಹೂಡಿದೆ. ನಾನೂ ಅದೇ ಗಾಡಿಯಾಗಿದ್ದೆ. ಟಗರು ಎಡಕ್ಕಿತ್ತು, ನಾನು ಬಲಕ್ಕಿದ್ದೆ. ಒಂದೇ ಹೊತ್ತಿನಾಗೆ ಇಬ್ಬರಿಗೂ ಏಟಾತು. ದನದ ಆಸ್ಪತ್ರೆ ಜವಾನ ಕೇಳ್ದ, ಯಾಕವ್ವ ಅಂತ. ನನ್ನ ಬಾಯಿ ಬದ್ಲು ನೀನು ಹೇಳ್ದೆ, ಅವ್ಳಿಗೇನಿಲ್ಲ ಅಂತ. ಕುರಿಗಾದ್ರೆ ಬಾಯಿಲ್ಲ. ನಂಗಿತ್ತಲ್ಲ!"

ಕಾಟಮ್ಮ ಓಬವ್ವನ ಕಡೆ ತಿರುಗಿದಳು.

"ಅತ್ತೆ, ನೀನೂ ಕೇಳು. ನಿನ್ನ ಕೈಯಾರೆ ನನ್ನ ಕಾಲು ಹಿಡಿದು ಸುಡಿಸಿದೆ. ಸುಟ್ಟಿದ್ದು ಸಾಲದು ಅಂತ ಬಂದೋರಿಗೆಲ್ಲ ನನ್ನ ಕೈ ಎತ್ತಿ ಬಿಟ್ಟು ಆಟ ಆಡ್ಸಿದೆ. ನಾನು ಸುಮ್ನಿದ್ದೆ. ಸುಮ್ನಿದ್ದಿದ್ದೇ ತಪ್ಪಾತು. ನಾಳೆ ಮೊದಲ್ನೇ ಬಸ್ಸಿಗೆ ನಾನು ದುರ್ಗಕ್ಕೆ ಹೋಗೋಳೇ. ಬರೋರು ಬರ್ರಿ, ಬರದೋರು ಗೌಡನ ಮೈ ಸವರ್ಕಂಡು ಕುಂತ್ಕಳ್ರಿ."

ಬೀರಪ್ಪ, "ಹೋಗಾಣ," ಅಂದ.

ದುರ್ಗದಲ್ಲಿ ಡಾಕ್ಟರು ಕೀಲಿನೊಳಗೆ ಸೂಜಿಯಿಂದ ಒಂದು ಔಷಧಿ ಬಿಟ್ಟು ಎಕ್ಸ್‌ರೇ ತೆಗೆಸಿದರು. ಔಷಧಿ ಕೀಲಿನಲ್ಲಿ ನಿಲ್ಲದೆ ಮೇಲಕ್ಕೆ ಸೋರಿತ್ತು. ಪಟ್ಟಿ ದೊಡ್ಡದಾಗಿಯೇ ಹರಿದಿದೆ ಎಂಬುದಕ್ಕೆ ಅದು ಸಾಕ್ಷಿ. ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದು ತೋರಿಸಿದರು. ಚಂದ್ರಕ್ಕ ಹೇಳಿಕೊಟ್ಟಿದ್ದಂತೆ ಕಾಟಮ್ಮ ಒಂದೊಂದೇ ಕೇಳಿದಳು. ಅವರು ಬೇಸರಿಸದೆ ಹೇಳಿದರು.

"ನೋಡಮ್ಮ, ಭುಜ ನೋವು ಅಂತ ಬಂದವರಿಗೆಲ್ಲ ನಾನು ಕತ್ತಿ ಹಾಕಲ್ಲ. ಸಣ್ಣ ಹರುಕಾದರೆ ವಿಶ್ರಾಂತಿ, ಮಾತ್ರೆ, ವ್ಯಾಯಾಮದಲ್ಲೇ ಎಷ್ಟೋ ಜನ ಸುಧಾರಿಸ್ತಾರೆ. ನಿಮ್ಮದು ದೊಡ್ಡದು. ಏಟು ಬಿದ್ದು ಹರಿದದ್ದು, ಕೈಯೇ ಏಳ್ತಿಲ್ಲ. ಇದು ಔಷಧಿಗೆ ಕೂಡಲ್ಲ. ಭುಜದ ಮೇಲೆ ಕೊಯ್ದು, ಪಟ್ಟಿಗೆ ಉಜ್ಜುತ್ತಿರೋ ಮೇಲಿನ ಮೂಳೆಯ ಚೂಪನ್ನ ಕೆತ್ತಿ ತೆಗೀತೀನಿ. ಆಮೇಲೆ ಕೈಮೂಳೆಯಲ್ಲಿ ಸಣ್ಣ ತೂತು ಕೊರೆದು, ಹರಿದ ತುದಿಯನ್ನ ಎಳೆದು ತಂದು ಹೊಲೀತೀನಿ."

"ತುದಿ ಮುಟ್ಟದಿದ್ರೆ ಸ್ವಾಮಿ?"

"ಒಳ್ಳೇ ಪ್ರಶ್ನೆ. ಅಲ್ಪಸ್ವಲ್ಪ ಸಾಲದೆ ಬಂದರೆ ನಿಮ್ಮ ತೊಡೆಯ ಹೊರಮೈಯಿಂದ ಬಿಳೀ ಪೊರೆಯ ಒಂದು ತುಂಡು ತೆಗೆದು ತೇಪೆ ಹಾಕ್ತೀನಿ. ಅದೂ ಆಗದಷ್ಟು ಕುಗ್ಗಿ ಹೋಗಿದ್ದರೆ, ಚಿಂದಿಯಾದದ್ದನ್ನ ಕತ್ತರಿಸಿ ಚೊಕ್ಕ ಮಾಡಿ ಮುಚ್ಚೋದು. ಅದರಿಂದ ನೋವು ಕಡಿಮೆಯಾಗಬಹುದು, ಬಲ ಬರಲ್ಲ. ಇನ್ನು ಯಾವುದಕ್ಕೂ ಬಗ್ಗದ ನೋವಾದರೆ ಕೀಲನ್ನೇ ಬೆಸೆದುಬಿಡೋದೂ ಉಂಟು. ಅದು ಕಡೇ ದಾರಿ. ನಿಮಗೆ ಅದರ ಮಾತು ಈಗ ಬೇಡ."

"ತೊಂದ್ರೆ ಏನೂ ಇಲ್ವಾ?"

"ಇಲ್ಲ ಅಂದರೆ ಸುಳ್ಳಾಗುತ್ತೆ. ಗಾಯ ಕೀವಾಗಬಹುದು, ಕೀಲು ಬಿಗಿಯಬಹುದು, ಹೊಲಿಗೆ ಮತ್ತೆ ಬಿಡಬಹುದು. ಅದಕ್ಕೇ ಆಪರೇಷನ್ ಆದಮೇಲೆ ಹೇಳಿದಂತೆ ನಡೆಯಬೇಕು. ಅರ್ಧ ಕೆಲಸ ನನ್ನದು, ಅರ್ಧ ನಿಮ್ಮದು." ಅವರು ಪಟ ಕೆಳಗಿಟ್ಟರು. "ಮೊದಲ ಕೆಲವು ವಾರದಲ್ಲೇ ಬಂದಿದ್ದರೆ ನೇರವಾಗಿ ಹೊಲಿದು ಕಳಿಸಬಹುದಿತ್ತು. ಯಾಕಮ್ಮ ಇಷ್ಟು ತಡ?"

ಕಾಟಮ್ಮ ಗಂಡನ ಮುಖ ನೋಡಿದಳು. ಈ ಸಲ ಅವನು ಅವಳ ಬದಲು ಉತ್ತರ ಕೊಡಲಿಲ್ಲ.

"ನಂಗೆ ಗಾಡಿ ಸಿಗ್ಲಿಲ್ಲ ಸ್ವಾಮಿ," ಅಂದಳು.

ಗುಮಾಸ್ತ ಒಪ್ಪಿಗೆ ಕಾಗದವನ್ನು ಬೀರಪ್ಪನ ಮುಂದೆ ಇಟ್ಟ. ಕಾಟಮ್ಮ ಅದನ್ನು ತನ್ನ ಕಡೆ ಎಳೆದುಕೊಂಡಳು. "ಭುಜ ನಂದು. ಹೆಬ್ಬೆಟ್ಟೂ ನಂದೇ ಇರ್ಲಿ."

ಆಪರೇಷನ್ ದಿನ ಓಬವ್ವ ಆಸ್ಪತ್ರೆಯ ಬಾಗಿಲಲ್ಲಿ ಕದಲದೆ ಕುಳಿತಿದ್ದಳು. ಸೊಸೆಯನ್ನು ಹೊರಗೆ ತಂದಾಗ ಮೊದಲು ನೋಡಿದ್ದು ಅವಳ ಹೊಟ್ಟೆಯನ್ನು. ಅಲ್ಲಿ ಯಾವ ಗಾಯವೂ ಇರಲಿಲ್ಲ. ಭುಜಕ್ಕೊಂದು ಪಟ್ಟಿ, ತೊಡೆಗೊಂದು ಪಟ್ಟಿ. ಡಾಕ್ಟರು ಹೆದರಿದ್ದ ಹಾಗೆಯೇ ತುದಿ ಹಿಂದಕ್ಕೆ ಸರಿದಿತ್ತು. ಒಂದು ಪಟ್ಟಿ ಎಳೆದಾಗ ಬಂದು ಮೂಳೆಗೆ ಕೂಡಿತ್ತು, ಇನ್ನೊಂದಕ್ಕೆ ತೇಪೆ ಬೇಕಾಗಿತ್ತು.

ಆರು ವಾರ ಕೈಯನ್ನು ಮೈಯಿಂದ ದೂರ ನಿಲ್ಲಿಸುವ ಚೌಕಟ್ಟಿನಲ್ಲಿ ಕಟ್ಟಿದ್ದರು. ಹಟ್ಟಿಯ ಹೆಂಗಸರು ಅದನ್ನೂ ಬಿಡಲಿಲ್ಲ. ಪಕ್ಕದ ಮನೆಯ ಪುಟ್ಟಕ್ಕ, "ಏನೇ ಕಾಟಮ್ಮ, ಒಂದೇ ರೆಕ್ಕೆ ಬಿಚ್ಚಿದ ಕೋಳಿ ಆಗಿದೀಯಲ್ಲೇ," ಅಂದಳು. "ಇನ್ನೊಂದು ರೆಕ್ಕೆಗೆ ನಿನ್ನ ಮುಖಕ್ಕೆ ಹೊಡೀತೀನಿ ನೋಡು," ಅಂದಳು ಕಾಟಮ್ಮ. ಬಹಳ ದಿನದ ಮೇಲೆ ಅವಳು ನಕ್ಕದ್ದು ಅಂದೇ.

ಚೌಕಟ್ಟು ಬಿಚ್ಚಿದ ಮೇಲೆ ನಿಜವಾದ ಕೆಲಸ. ಬಗ್ಗಿ ನಿಂತು ಕೈಯನ್ನು ಜೋತುಬಿಟ್ಟು ತೂಗುವುದು. ಆಮೇಲೆ ಗೋಡೆಯ ಮೇಲೆ ಬೆರಳನ್ನು ಇರುವೆಯ ಹಾಗೆ ಹತ್ತಿಸುವುದು. ಅವಸರ ಮಾಡಿ ಭಾರ ಎತ್ತಿದರೆ ಹೊಲಿಗೆ ಬಿಡುತ್ತದೆ, ಸೋಮಾರಿತನ ಮಾಡಿದರೆ ಕೀಲು ಬಿಗಿಯುತ್ತದೆ. ದಿನದಿನವೂ ಬೆರಳು ಮುಟ್ಟಿದ ಕಡೆ ಇದ್ದಿಲಿನಿಂದ ಒಂದು ಗೆರೆ ಎಳೆಯಬೇಕು ಎಂದು ಚಂದ್ರಕ್ಕ ಹೇಳಿದ್ದಳು. ಇದ್ದಿಲು ಹಿಡಿದು ಕಾಯುತ್ತಿದ್ದವಳು ಓಬವ್ವ. ಕ್ಷಮಿಸು ಎನ್ನುವ ಮಾತು ಆ ಮುದುಕಿಯ ಬಾಯಿಂದ ಬರಲಿಲ್ಲ. ಗೆರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬೀರಪ್ಪ ಬಾವಿಯಿಂದ ನೀರು ತರುತ್ತಿದ್ದ. ಕಟ್ಟೆಯವರು ನಕ್ಕರೆ, "ಕೊಡ ಭಾರ ಐತಪ್ಪ. ನೀವೂ ಒಂದಿನ ಹೊತ್ತು ನೋಡ್ರಿ, ಗೊತ್ತಾಗ್ತೈತೆ," ಅನ್ನುತ್ತಿದ್ದ.

ಒಂದು ದಿನ ದೊಡ್ಡತಿಮ್ಮಪ್ಪ ಬಂದು ಗೋಡೆಯ ಗೆರೆಗಳನ್ನು ನೋಡಿ ಗೊಣಗಿದ. "ನಾನು ಹಾಕಿದ ಬರೆ ಈಗ ಕೆಲ್ಸ ಮಾಡ್ತೈತೆ ಬಿಡು. ನನ್ನ ಬರೆಗೆ ಎಷ್ಟು ಕುರಿ ಎದ್ದು ಓಡವೆ!"

ಕಾಟಮ್ಮ ಗೋಡೆಯಿಂದ ಬೆರಳು ತೆಗೆಯದೆ ಕೇಳಿದಳು. "ಏಳದ ಕುರಿ ಏನಾದ್ವು ತಿಮ್ಮಪ್ಪಣ್ಣ?"

ಅವನು ಗೋಡೆಯ ಗೆರೆ ಎಣಿಸತೊಡಗಿದ.

"ನಾನೇ ಹೇಳ್ತೀನಿ. ಕುಯ್ದು ಪಾಲು ಹಾಕ್ಕಂಡ್ರಿ. ಅದ್ಕೇ ನಿಮ್ಮ ಬರೆ ಯಾವತ್ತೂ ಸೋತಿಲ್ಲ."

ದೊಡ್ಡತಿಮ್ಮಪ್ಪ ಕಂಬಳಿ ಕೊಡವಿಕೊಂಡು ಎದ್ದು ಹೋದ. ಕುರಿಗೆ ಬರೆ ಹಾಕುವುದನ್ನು ಅವನು ಇನ್ನೂ ಬಿಟ್ಟಿಲ್ಲ. ಮನುಷ್ಯರಿಗೆ ಹಾಕಲು ಮಾತ್ರ ಹಟ್ಟಿಯ ಹೆಂಗಸರು ಬಿಡುವುದಿಲ್ಲ.

ಮತ್ತೆ ಸಂಕ್ರಾಂತಿ ಬಂತು. ಕುರಿ ತೊಳೆಯುವ ದಿನ ಬೀರಪ್ಪನೇ ನೀರಿಗಿಳಿದ. ನೂಕುವುದಕ್ಕೂ ಹಿಡಿಯುವುದಕ್ಕೂ ಇರುವ ಅಂತರ ಅವನಿಗೆ ಮೂರನೆಯ ಕುರಿಗೇ ತಿಳಿಯಿತು. ಕಾಟಮ್ಮ ಮನೆಯಲ್ಲಿದ್ದಳು. ಇದ್ದಿಲಿನ ಗೆರೆ ಅವಳ ತಲೆಯನ್ನು ದಾಟಿ ಒಂದು ಗೇಣು ಮೇಲೆ ನಿಂತಿತ್ತು. ಬಾಚಣಿಗೆ ತೆಗೆದುಕೊಂಡಳು. ಬಲಗೈ ಕಿವಿಯ ಹತ್ತಿರ ಹೋಯಿತು, ಕಿವಿಯನ್ನು ದಾಟಿತು, ನೆತ್ತಿಗೆ ಬಂತು. ನಡುಗುತ್ತಾ ಬಂತು, ಆದರೆ ಬಂತು. ಕೂದಲು ಬಾಚಿ, ಸುತ್ತಿ, ತನ್ನ ತುರುಬನ್ನು ತಾನೇ ಕಟ್ಟಿಕೊಂಡಳು. ತುರುಬು ಸೊಟ್ಟಗಿತ್ತು. ಓಬವ್ವ ಸರಿಮಾಡಲು ಬಂದರೆ, "ಮುಟ್ಟಬ್ಯಾಡ, ಹಂಗೇ ಇರ್ಲಿ," ಅಂದಳು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ತುಂಬಿದ ಕೊಡವನ್ನು ತಲೆಗೆ ಏರಿಸಲು ಕಾಟಮ್ಮನಿಗೆ ಇಂದಿಗೂ ಆಗುವುದಿಲ್ಲ. ಬಹುಶಃ ಮುಂದೆಯೂ ಆಗಲಾರದು ಎಂದು ಡಾಕ್ಟರು ಹೇಳಿದ್ದಾರೆ. ಆಪರೇಷನ್ ಮರಳಿ ಕೊಟ್ಟದ್ದು ಬಹಳ. ಕೊಡಲಾಗದೆ ಉಳಿದದ್ದು ಆ ಐದು ತಿಂಗಳಲ್ಲಿ ಒಣಗಿ ಹೋದದ್ದು. ಅದನ್ನು ಅವಳಿಂದ ಕಿತ್ತುಕೊಂಡದ್ದು ಟಗರಲ್ಲ. ಮನೆಯವರ ನಗು, ಕಾದ ಕುಡುಗೋಲು, "ಅವ್ಳಿಗೇನಿಲ್ಲ" ಎಂಬ ಒಂದು ಮಾತು.

ಇದನ್ನು ಓದುವ ಅಣ್ಣಂದಿರೇ, ಓದಿಸಿ ಕೇಳುವ ಅವ್ವಂದಿರೇ, ಇಂದೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹೆಂಗಸನ್ನು, ಮನೆಗೆ ದುಡಿಯುವ ಆಳನ್ನು ಕರೆದು, ಎರಡೂ ಕೈಯನ್ನು ತಲೆಯ ಮೇಲೆ ಎತ್ತಲು ಹೇಳಿ. ಬಿದ್ದ ಮೇಲೆ, ಎಳೆತ ಬಿದ್ದ ಮೇಲೆ ಒಂದು ಕೈ ಏಳದೆ ಹೋದರೆ, ನೀವು ಎತ್ತಿದರೆ ಎದ್ದು ನೀವು ಬಿಟ್ಟರೆ ಬಿದ್ದರೆ, ನಗಬೇಡಿ. ಬರೆ ಹಾಕಬೇಡಿ, ಎಳೆಯಬೇಡಿ, ತೊಲೆಗೆ ಜೋತುಬೀಳಿಸಬೇಡಿ. ನರ್ಸಮ್ಮನಿಗೆ ತೋರಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಹೊಲಿಯಬೇಕೋ, ವ್ಯಾಯಾಮ ಸಾಕೋ ಎಂದು ಅವರನ್ನು ಬಾಯಿಬಿಟ್ಟು ಕೇಳಿ. ಮುಂದಿನ ತಿಂಗಳು ಎನ್ನಬೇಡಿ. ಹರಿದ ಪಟ್ಟಿ ನಿಮ್ಮ ಬಿತ್ತನೆ, ನಿಮ್ಮ ಶ್ರಾವಣ ಮುಗಿಯಲಿ ಎಂದು ಕಾಯುವುದಿಲ್ಲ.

ನಿಮ್ಮ ಟಗರಿಗೆ ಗಾಡಿ ಹೊರಡುವುದಾದರೆ ಅವಳಿಗೂ ಹೊರಡಲಿ. ಅದೇ ದಿನ ಹೊರಡಲಿ.